ನೀರು ಹನಿಗಟ್ಟದಿರಲಿ, ಹರಡಲಿ

ವಿಜಯಪುರದಿಂದ ಮುರುಡೇಶ್ವರಕ್ಕೆ ಹೊರಡುವ ತರುಣರಿಗೆ ಈಗ ಕಡಲ ದಂಡೆಯ ಶಿವನ ಮೂರ್ತಿ, ರಾಜಗೋಪುರಗಳಷ್ಟೇ ಗುರಿಯಲ್ಲ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತಲಿನ ನೀರಿಗೆ ಇಳಿದು ಹವಳ, ಬಣ್ಣದ ಮೀನುಗಳನ್ನು ನೋಡಿಬರುವುದೂ ಪ್ರವಾಸದ ಭಾಗವಾಗಿದೆ. ಮಳೆಗಾಲದ ಅಬ್ಬರ ಇಳಿದ ಮೇಲೆ, ಅಕ್ಟೋಬರ್‌ನಿಂದ ಮೇ ತಿಂಗಳ ಆಸುಪಾಸಿನವರೆಗೆ ದೋಣಿಗಳು ಅಲ್ಲಿಗೆ ಹೋಗುತ್ತವೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿನಾಳಕ್ಕೆ ಇಳಿದುದನ್ನು ಕಂಡ ಮೇಲೆ ನೇತ್ರಾಣಿಯ ಹೆಸರು ಒಳನಾಡಿನ ಮನೆಮನೆಗೂ ತಲುಪಿತು. ಹಾಗೆ ಹೋಗುವವರಲ್ಲಿ ಹೆಚ್ಚಿನವರದು ಜೀವನದ ಮೊದಲ ಸ್ಕೂಬಾ ಡೈವಿಂಗ್. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಂದಿಗೆ ಅದು ಮೊದಲ ಸಮುದ್ರವೂ ಹೌದು. ಅವರು ಹಣ ಕೊಟ್ಟು, ದೂರ ಪ್ರಯಾಣ ಮಾಡಿ, ಧೈರ್ಯ ಒಗ್ಗೂಡಿಸಿಕೊಂಡು ನೀರಿಗಿಳಿಯುತ್ತಾರೆ. ಇಳಿದ ಕೆಲವೇ ನಿಮಿಷಗಳಲ್ಲಿ ಮಾಸ್ಕಿನ ಗಾಜಿನ ಒಳಮೈಗೆ ಹಬೆ ಕಟ್ಟಿ ಎದುರಿನದೆಲ್ಲ ಮಬ್ಬಾದರೆ ಆ ಪ್ರಯಾಣದ ಅರ್ಥವೇ ಕೆಟ್ಟಂತೆ.

ಇದು ನೋಟ ಕೆಡುವ ಪ್ರಶ್ನೆಯಷ್ಟೇ ಅಲ್ಲ. ದಡದ ಮೇಲೆ ಕನ್ನಡಕಕ್ಕೆ ಹಬೆ ಕಟ್ಟಿದರೆ ತೆಗೆದು ಒರೆಸಿಕೊಳ್ಳಬಹುದು. ನೀರಿನೊಳಗೆ ಮಾಸ್ಕ್ ತೆಗೆಯುವಂತಿಲ್ಲ, ಬಾಯಲ್ಲಿ ಉಸಿರಾಟದ ಕೊಳವೆ ಇರುವುದರಿಂದ ಮಾತನಾಡುವಂತಿಲ್ಲ. ಜೊತೆಗಿರುವ ತರಬೇತುದಾರನ ಕೈಸನ್ನೆಯೊಂದೇ ಭಾಷೆ, ಅದನ್ನು ಓದುವುದು ಕಣ್ಣು. ಆ ಕಣ್ಣಿಗೇ ಪರದೆ ಬಿದ್ದರೆ ಹೊಸಬರಿಗೆ ಗಾಬರಿಯಾಗುವುದು ಸಹಜ. ಗಾಬರಿಯಾದವನು ವೇಗವಾಗಿ ಉಸಿರಾಡುತ್ತಾನೆ, ಮಾಸ್ಕ್ ಕಿತ್ತೊಗೆಯಲು ನೋಡುತ್ತಾನೆ, ದಿಢೀರನೆ ಮೇಲಕ್ಕೇರಲು ಯತ್ನಿಸುತ್ತಾನೆ. ಸಂಪೀಡಿತ ಗಾಳಿ ಸೇದುತ್ತಿರುವವನು ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶಕ್ಕೆ ಅಪಾಯ. ಹೀಗೆ ಒಂದು ಗಾಜಿನ ಮಬ್ಬು ನಿಜವಾದ ಅವಘಡದ ಮೊದಲ ಮೆಟ್ಟಿಲಾಗಬಹುದು. ಆದರೂ ಈ ವಿಷಯ ನಮ್ಮಲ್ಲಿ ಕೇಳಸಿಗುವುದು ತುಂಡುತುಂಡು ಉಪಾಯಗಳಾಗಿ. ಒಬ್ಬರು ಎಂಜಲು ಹಚ್ಚು ಎನ್ನುತ್ತಾರೆ, ಇನ್ನೊಬ್ಬರು ಟೂತ್‌ಪೇಸ್ಟ್ ಎನ್ನುತ್ತಾರೆ, ಮತ್ತೊಬ್ಬರು ಲೈಟರಿನಿಂದ ಸುಡು ಎನ್ನುತ್ತಾರೆ. ಯಾವುದು ಏಕೆ, ಯಾವಾಗ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಈ ಉಪಾಯಗಳ ಹಿಂದೆಲ್ಲ ಇರುವುದು ಒಂದೇ ತತ್ವ, ಅದು ತಿಳಿದರೆ ಯಾವುದನ್ನು ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ ಎಂಬುದು ನನ್ನ ವಾದ. ಮಾಸ್ಕಿನೊಳಗೆ ನೀರು ಬರುವುದನ್ನು ತಡೆಯಲು ನಮ್ಮಿಂದ ಸಾಧ್ಯವಿಲ್ಲ. ಆ ನೀರು ಹನಿಗಟ್ಟದಂತೆ ನೋಡಿಕೊಳ್ಳಲು ಸಾಧ್ಯ.

ಮೊದಲು ಆವಿಯ ಲೆಕ್ಕ ನೋಡೋಣ. ಗಾಳಿ ಎಷ್ಟು ಬೆಚ್ಚಗಿರುತ್ತದೋ ಅಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ನಮ್ಮ ದೇಹದ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಗರಿಷ್ಠ 44 ಗ್ರಾಂನಷ್ಟು ಆವಿಯನ್ನು ಹೊರಬಲ್ಲದು. ನಾವು ಹೊರಬಿಡುವ ಉಸಿರು ಈ ಮಿತಿಗೆ ಬಹಳ ಹತ್ತಿರದಲ್ಲಿರುತ್ತದೆ. ಸಮುದ್ರದ ನೀರು 28 ಡಿಗ್ರಿ ಇದೆ ಎಂದುಕೊಳ್ಳೋಣ. ಗಾಜಿನ ಹೊರಮೈ ಆ ನೀರಿಗೇ ತಾಗಿಕೊಂಡಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆದುಕೊಳ್ಳುವುದರಿಂದ ಗಾಜೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. 28 ಡಿಗ್ರಿಯ ಗಾಳಿ ಹಿಡಿದಿಡಬಲ್ಲದ್ದು ಸುಮಾರು 27 ಗ್ರಾಂ ಮಾತ್ರ. ಉಳಿದ 17 ಗ್ರಾಂಗೆ ಗಾಳಿಯಲ್ಲಿ ಜಾಗವಿಲ್ಲ, ಅದು ಗಾಜಿನ ಮೇಲೆ ನೀರಾಗಿ ಕೂರಲೇಬೇಕು. ನೀರು 22 ಡಿಗ್ರಿಗೆ ಇಳಿದರೆ ಗಾಳಿಯ ಸಾಮರ್ಥ್ಯ 19 ಗ್ರಾಂಗೆ ಇಳಿಯುತ್ತದೆ, ಗಾಜಿಗೆ ಬೀಳುವ ಪಾಲು ಇನ್ನೂ ಹೆಚ್ಚುತ್ತದೆ. ಮೂಗಿನಿಂದ ಉಸಿರು ಬಿಡದಿದ್ದರೂ ಮುಖದ ಚರ್ಮದ ಬೆವರು, ಕಣ್ಣಿನ ತೇವ ನಿರಂತರವಾಗಿ ಆವಿಯನ್ನು ಪೂರೈಸುತ್ತಲೇ ಇರುತ್ತವೆ. ಬೆಚ್ಚಗಿನ, ಒದ್ದೆಯಾದ ಜೀವಂತ ಮುಖವೊಂದನ್ನು ತಣ್ಣಗಿನ ಗಾಜಿನ ಹಿಂದೆ ಮುಚ್ಚಿಟ್ಟ ಮೇಲೆ ನೀರು ಕೂರದಿರಲಿ ಎಂದು ಬಯಸುವುದರಲ್ಲಿ ಅರ್ಥವಿಲ್ಲ.

ಹಾಗೆ ಕೂರುವ ನೀರು ಎಷ್ಟು? ಮಾಸ್ಕಿನೊಳಗೆ 150 ಮಿಲಿಲೀಟರ್ ಗಾಳಿ ಇದೆ ಎಂದು ಹಿಡಿದರೆ, ಒಂದು ಸಲ ತುಂಬಿದ ಉಸಿರಿನಿಂದ ಹೊರಬೀಳುವ ನೀರು ಎರಡೂವರೆ ಮಿಲಿಗ್ರಾಂ. ಅದನ್ನು 100 ಚದರ ಸೆಂಟಿಮೀಟರ್ ಗಾಜಿನ ಮೇಲೆ ಸಮನಾಗಿ ಹರಡಿದರೆ ಪದರದ ದಪ್ಪ ಒಂದು ಮಿಲಿಮೀಟರಿನ ನಾಲ್ಕು ಸಾವಿರದಲ್ಲೊಂದು ಭಾಗ. ಇಷ್ಟು ತೆಳುವಾದ, ಮಟ್ಟಸವಾದ ನೀರಿನ ಪದರ ಕಣ್ಣಿಗೆ ಕಾಣುವುದೇ ಇಲ್ಲ. ಬೆಳಕು ಅದರ ಮೂಲಕ ಬಾಗದೆ, ಚದುರದೆ ಹಾದುಹೋಗುತ್ತದೆ. ಅದೇ ಎರಡೂವರೆ ಮಿಲಿಗ್ರಾಂ ನೀರು ಲಕ್ಷಾಂತರ ಪುಟ್ಟ ಉಬ್ಬು ಹನಿಗಳಾಗಿ ಕೂತರೆ ಕಥೆ ಬೇರೆ. ಪ್ರತಿಯೊಂದು ಹನಿಯೂ ಬೆಳಕನ್ನು ತನ್ನದೇ ದಿಕ್ಕಿಗೆ ತಿರುಗಿಸುತ್ತದೆ. ಎಲ್ಲ ದಿಕ್ಕುಗಳಿಂದ ಚದುರಿದ ಬೆಳಕು ಕಣ್ಣಿಗೆ ಬಿಳಿ ಮಬ್ಬಾಗಿ ಕಾಣುತ್ತದೆ. ಎರಡೂ ಸಂದರ್ಭಗಳಲ್ಲಿ ನೀರಿನ ಪ್ರಮಾಣ ಒಂದೇ, ಬದಲಾಗಿದ್ದು ಅದರ ಆಕಾರ ಮಾತ್ರ. ಮಬ್ಬಿಗೆ ಕಾರಣ ನೀರಿನ ಇರುವಿಕೆಯಲ್ಲ, ನೀರು ಹನಿಯಾಗಿ ನಿಂತ ರೀತಿ. ಈ ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ.

ನೀರು ಹನಿಯಾಗುವುದೋ ಹರಡುವುದೋ ಎಂಬುದನ್ನು ನಿರ್ಧರಿಸುವುದು ಮೇಲ್ಮೈ. ನೀರಿನ ಕಣಗಳು ಒಂದನ್ನೊಂದು ಬಲವಾಗಿ ಸೆಳೆದುಕೊಳ್ಳುತ್ತವೆ. ಶಾಲೆಯ ಪಾಠದಲ್ಲಿ ಇದನ್ನೇ ಮೇಲ್ಮೈ ಎಳೆತ ಎಂದು ಓದಿದ್ದೇವೆ. ನಿಜವಾಗಿಯೂ ಶುಭ್ರವಾದ ಗಾಜು ನೀರಿನ ಕಣಗಳನ್ನು ಅದಕ್ಕಿಂತ ಬಲವಾಗಿ ತನ್ನತ್ತ ಸೆಳೆಯುತ್ತದೆ, ಹಾಗಾಗಿ ನೀರು ಅದರ ಮೇಲೆ ಹಾಳೆಯಂತೆ ಹಾಸಿಕೊಳ್ಳುತ್ತದೆ. ಗಾಜಿನ ಮೇಲೆ ಎಣ್ಣೆ, ಮೇಣ, ಸಿಲಿಕೋನ್‌ನಂಥ ಜಿಡ್ಡಿನ ಪದರವಿದ್ದರೆ ಆ ಸೆಳೆತ ಗಾಜಿನಿಂದ ನೀರಿಗೆ ತಲುಪುವುದಿಲ್ಲ. ನೀರು ತನ್ನನ್ನೇ ತಾನು ಅಪ್ಪಿಕೊಂಡು ಗುಂಡಾಗುತ್ತದೆ. ಇಂಥ ಪದರ ಕಣ್ಣಿಗೆ ಕಾಣುವಷ್ಟು ದಪ್ಪವಿರಬೇಕೆಂದಿಲ್ಲ. ಹೊಸ ಮಾಸ್ಕ್ ಹಳೆಯದಕ್ಕಿಂತ ಹೆಚ್ಚು ಮಬ್ಬಾಗುವುದು ಇದೇ ಕಾರಣಕ್ಕೆ. ಮುಖಕ್ಕೆ ಅಂಟಿಕೊಳ್ಳುವ ಮೆತ್ತನೆಯ ಅಂಚನ್ನು ಸಿಲಿಕೋನ್‌ನಿಂದ ಮಾಡುತ್ತಾರೆ. ತಯಾರಿಕೆಯ ಹಂತದಲ್ಲೂ ಪೆಟ್ಟಿಗೆಯೊಳಗೆ ಕೂತ ತಿಂಗಳುಗಳಲ್ಲೂ ಅದರಿಂದ ಹೊರಬರುವ ಸೂಕ್ಷ್ಮ ಅಂಶ ಗಾಜಿನ ಒಳಮೈಗೆ ಅಂಟುತ್ತದೆ. ಕೊಂಡ ದಿನ ಫಳಫಳ ಹೊಳೆಯುವ ಗಾಜು ನೀರಿನ ದೃಷ್ಟಿಯಿಂದ ಶುಭ್ರವಲ್ಲ. ಬಳಸಿದ ಮಾಸ್ಕಿಗೆ ಬೇರೆ ಮೂಲಗಳಿಂದ ಜಿಡ್ಡು ಬರುತ್ತದೆ: ಬೆರಳು, ಮುಖದ ಎಣ್ಣೆ, ಸನ್‌ಸ್ಕ್ರೀನ್, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ.

ಸಮುದ್ರದಿಂದ ದೂರವಿರುವ ನಮ್ಮ ವಿಜಯಪುರ ಜಿಲ್ಲೆಗೆ ಈ ತತ್ವ ಅಪರಿಚಿತವೇನಲ್ಲ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು ವರ್ಷದುದ್ದಕ್ಕೂ ಇದರ ಜೊತೆಗೇ ಬದುಕುತ್ತಾರೆ. ದ್ರಾಕ್ಷಿ ಹಣ್ಣಿನ ಮೇಲೆ ಬೂದಿ ಹಚ್ಚಿದಂತೆ ಕಾಣುವ ತೆಳು ಪದರ ಪ್ರಕೃತಿ ಕೊಟ್ಟ ಮೇಣ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಕತ್ತರಿಸುವಿಕೆಯ) ನಂತರ ಬಳ್ಳಿ ಚಿಗುರಿ ಕಾಯಿ ಕಟ್ಟುವ ಕಾಲದಲ್ಲಿ ಇಬ್ಬನಿ ಬಿದ್ದರೆ ಡೌನಿ ರೋಗದ ಭಯ, ಔಷಧಿ ಹೊಡೆಯಲೇಬೇಕು. ಬರೀ ನೀರಿನಲ್ಲಿ ಬೆರೆಸಿ ಹೊಡೆದ ಔಷಧಿ ಮೇಣದ ಮೇಲೆ ಗುಂಡು ಹನಿಯಾಗಿ ಜಾರಿ ನೆಲಕ್ಕೆ ಬೀಳುತ್ತದೆ. ಅದಕ್ಕೇ ಬೆಳೆಗಾರರು ಡ್ರಮ್ಮಿಗೆ ಸ್ವಲ್ಪ ಸ್ಪ್ರೆಡರ್ ಸೇರಿಸುತ್ತಾರೆ. ನೀರಿನ ಎಳೆತವನ್ನು ಅದು ಸಡಿಲಿಸುವುದರಿಂದ ಹನಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಒಣದ್ರಾಕ್ಷಿ ಮಾಡುವಾಗ ಇದೇ ವಿದ್ಯೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಗೊನೆಗಳನ್ನು ಶೆಡ್ಡಿನ ರ‍್ಯಾಕುಗಳ ಮೇಲೆ ಹರಡುವ ಮುನ್ನ ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಡಿಪ್ಪಿಂಗ್ ಆಯಿಲ್ ಬೆರೆಸಿದ ದ್ರಾವಣದಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಈಥೈಲ್ ಓಲಿಯೇಟ್ ಇರುವ ಆ ಎಣ್ಣೆಯೂ ಕ್ಷಾರವೂ ಸೇರಿ ಮೇಣದ ಪದರದ ಕಟ್ಟನ್ನು ಸಡಿಲಿಸುತ್ತವೆ. ಒಳಗಿನ ನೀರಿಗೆ ಹೊರಬರಲು ದಾರಿಯಾಗುತ್ತದೆ, ಹಾಗೆಯೇ ಇಟ್ಟರೆ ಹಿಡಿಯುವ ಕಾಲದ ಅರ್ಧದಷ್ಟರಲ್ಲೇ ಹಣ್ಣು ಒಣಗುತ್ತದೆ. ಒಂದನೇ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲಾ ಕೂಡ ಬೂದಿಯ ತಿಳಿನೀರಿಗೆ ಎಣ್ಣೆ ಬೆರೆಸಿ ದ್ರಾಕ್ಷಿ ಅದ್ದುವ ಕ್ರಮವನ್ನು ವಿವರಿಸಿದ್ದಾನೆ. ನೀರು ಹೇಗೆ ವರ್ತಿಸಬೇಕು ಎಂಬುದನ್ನು ಬದಲಿಸಲು ನಮ್ಮ ರೈತರು ಕೈಹಾಕುವುದು ಹಣ್ಣಿನ ಮೈಯ ಮೇಲಿನ ಪದರಕ್ಕೆ. ಮಾಸ್ಕಿನ ಗಾಜಿನ ವಿಷಯದಲ್ಲೂ ಕೆಲಸ ಆಗಬೇಕಾದದ್ದು ಅಲ್ಲಿಯೇ.

ಗಾಜಿನ ಮೇಲೆಯೇ ಇದನ್ನು ತೋರಿಸಿಕೊಟ್ಟ ಹಳೆಯ ಪ್ರಯೋಗವೊಂದಿದೆ. ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರೇಲಿ 1911ರಲ್ಲಿ ಗಾಜಿನ ಫಲಕದ ಮೇಲೆ ಊದುಗೊಳವೆಯ ಸಣ್ಣ ಜ್ವಾಲೆಯನ್ನು ಹಾಯಿಸಿ, ಗಾಜು ತಣ್ಣಗಾದ ಮೇಲೆ ಅದರ ಮೇಲೆ ಉಸಿರು ಬಿಟ್ಟು ನೋಡಿದರು. ಜ್ವಾಲೆ ಹಾದುಹೋದ ದಾರಿಯಲ್ಲಿ ಮಬ್ಬು ಕಾಣಲಿಲ್ಲ, ಅಕ್ಕಪಕ್ಕದ ಗಾಜೆಲ್ಲ ಬೆಳ್ಳಗೆ ಮಬ್ಬಾಯಿತು. ಜ್ವಾಲೆಯ ದಾರಿಯಲ್ಲೂ ನೀರು ಕೂತಿತ್ತು, ಆದರೆ ಹನಿಯಾಗಿರದೆ ಅಖಂಡ ಪದರವಾಗಿ ಹರಡಿತ್ತು. ಜ್ವಾಲೆ ಗಾಜಿನ ಜಿಡ್ಡನ್ನು ನಿವಾರಿಸಿದ್ದೇ ಕಾರಣವೆಂದು ರೇಲಿ ವಾದಿಸಿದರು. ಇಬ್ಬನಿ, ಮೋಡಗಳ ಬಗ್ಗೆ ಆಳವಾಗಿ ಕೆಲಸ ಮಾಡಿದ್ದ ಸ್ಕಾಟ್ಲೆಂಡಿನ ಜಾನ್ ಏಟ್ಕನ್ ಅವರೊಂದಿಗೆ ಈ ಬಗ್ಗೆ ಚರ್ಚೆಯೂ ನಡೆಯಿತು. ವಿವರಣೆಯ ಬಗ್ಗೆ ಭಿನ್ನಾಭಿಪ್ರಾಯವಿದ್ದರೂ ಕಣ್ಣಿಗೆ ಕಂಡ ಸತ್ಯದಲ್ಲಿ ಅನುಮಾನವಿರಲಿಲ್ಲ: ಒಂದೇ ಉಸಿರು, ಒಂದೇ ಗಾಜು, ಒಂದೇ ಉಷ್ಣತೆ ಇದ್ದರೂ ಮೇಲ್ಮೈಯ ಸ್ಥಿತಿ ಬದಲಾದ ಕಡೆ ಮಬ್ಬು ಇಲ್ಲ. ಹೊಸ ಮಾಸ್ಕಿನ ಗಾಜಿಗೆ ಕೆಲವರು ಲೈಟರ್ ಜ್ವಾಲೆ ತೋರಿಸುವುದು ಇದೇ ತತ್ವದ ಮೇಲೆ. ಆದರೆ ಪ್ರಯೋಗಾಲಯದ ಬರೀ ಗಾಜಿಗೂ ಸಿಲಿಕೋನ್ ಅಂಚು, ಪ್ಲಾಸ್ಟಿಕ್ ಚೌಕಟ್ಟು ಇರುವ ಮಾಸ್ಕಿಗೂ ವ್ಯತ್ಯಾಸವಿದೆ. ಜ್ವಾಲೆ ಅಂಚಿಗೆ ತಾಗಿದರೆ ಅದು ಹಾಳಾಗಿ ನೀರು ಸೋರುತ್ತದೆ. ಒಂದೇ ಕಡೆ ಹೆಚ್ಚು ಕಾದರೆ ಗಾಜಿಗೇ ಅಪಾಯ. ಕಾರ್ಖಾನೆಯಲ್ಲೇ ಲೇಪನ ಕೊಟ್ಟ ಗಾಜಿಗಂತೂ ಜ್ವಾಲೆ ಸಲ್ಲದು. ತತ್ವ ಸರಿಯಿದ್ದರೂ ಅದೇ ಕೆಲಸವನ್ನು ಅಪಾಯವಿಲ್ಲದೆ ಮಾಡುವ ದಾರಿ ಇರುವಾಗ ಜ್ವಾಲೆಯ ಉಸಾಬರಿ ಬೇಡ.

ಆ ದಾರಿಯಲ್ಲಿ ಎರಡು ಹಂತಗಳಿವೆ. ಎರಡನ್ನೂ ಬೇರೆಬೇರೆಯಾಗಿ ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಬಹಳ ಜನ ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಮಾಡಿ ಫಲ ಸಿಗದೆ ನಿರಾಶರಾಗುತ್ತಾರೆ. ಮೊದಲನೆಯದು ಜಿಡ್ಡು ತೆಗೆಯುವುದು. ಮಾಸ್ಕ್ ಕೊಂಡ ಮೇಲೆ, ಪ್ರವಾಸಕ್ಕೆ ಮೊದಲೇ, ಮನೆಯಲ್ಲೇ ಇದನ್ನು ಮಾಡಿ ಮುಗಿಸಬೇಕು. ಬಿಳಿಯ ಸಾಧಾರಣ ಟೂತ್‌ಪೇಸ್ಟನ್ನು ಗಾಜಿನ ಒಳಮೈಗೆ ಹಚ್ಚಿ ಬೆರಳಿನಿಂದ ಅಥವಾ ಮೆತ್ತನೆಯ ಬಟ್ಟೆಯಿಂದ ಮೂಲೆಮೂಲೆಯವರೆಗೆ ಚೆನ್ನಾಗಿ ಉಜ್ಜಿ, ತೊಳೆದು, ಪಾತ್ರೆ ತೊಳೆಯುವ ದ್ರವದಿಂದ ಮತ್ತೊಮ್ಮೆ ತೊಳೆಯಬೇಕು. ಟೂತ್‌ಪೇಸ್ಟಿನಲ್ಲಿರುವ ನವಿರಾದ ಪುಡಿ ಸಿಲಿಕೋನ್ ಪದರವನ್ನು ಕೆರೆದು ತೆಗೆಯುತ್ತದೆ, ದ್ರವ ಉಳಿದ ಜಿಡ್ಡನ್ನು ಒಯ್ಯುತ್ತದೆ. ಸಾಕಾಯಿತೇ ಎಂದು ಪರೀಕ್ಷಿಸಲು ಗಾಜಿನ ಮೇಲೆ ನೀರು ಹರಿಸಿ ನೋಡಿದರಾಯಿತು. ನೀರು ಹನಿಹನಿಯಾಗಿ ಒಡೆದು ನಿಂತರೆ ಪದರ ಇನ್ನೂ ಇದೆ, ಮತ್ತೆ ಉಜ್ಜಬೇಕು. ಇಡೀ ಗಾಜನ್ನು ಒಂದೇ ಹಾಳೆಯಾಗಿ ಆವರಿಸಿದರೆ ಗಾಜು ಸಿದ್ಧ. ಪ್ಲಾಸ್ಟಿಕ್ ಗಾಜಿನ ಅಗ್ಗದ ಮಾಸ್ಕಿಗೆ ಮತ್ತು ಲೇಪನವಿರುವ ಗಾಜಿಗೆ ಮಾತ್ರ ಟೂತ್‌ಪೇಸ್ಟ್ ಕೂಡದು, ಗೀರು ಬೀಳುತ್ತದೆ. ಕೊಂಡಾಗ ಬಂದ ಸೂಚನಾ ಪತ್ರವನ್ನು ಓದದೆ ಉಜ್ಜಲು ಕೂರಬಾರದು.

ಎರಡನೆಯ ಹಂತ ನೀರಿಗಿಳಿಯುವ ಪ್ರತಿ ಸಲವೂ ಬೇಕು. ಶುಭ್ರ ಗಾಜು ಬಹಳ ಹೊತ್ತು ಶುಭ್ರವಾಗಿ ಉಳಿಯುವುದಿಲ್ಲ. ಮುಖ ತಾಗಿದ ಕೂಡಲೇ ಜಿಡ್ಡಿನ ಅಂಶ ಮತ್ತೆ ಸೇರತೊಡಗುತ್ತದೆ. ಆದ್ದರಿಂದ ನೀರಿನ ಎಳೆತವನ್ನೇ ಸಡಿಲಿಸುವ ತೆಳು ಲೇಪವೊಂದು ಬೇಕು. ಸೋಪು, ಶಾಂಪೂ ಮಾಡುವ ಕೆಲಸ ಇದೇ. ಕಣ್ಣಿಗೆ ಉರಿಯಾಗದ ಮಕ್ಕಳ ಶಾಂಪೂವಿನ ಒಂದೆರಡು ಹನಿಯನ್ನು ಒಣಗಿದ ಗಾಜಿನ ಒಳಮೈಗೆ ಪೂರ್ತಿ ಸವರಿ, ನೀರಿಗಿಳಿಯುವ ತುಸು ಮೊದಲು ಕ್ಷಣಮಾತ್ರ ನೀರಿನಲ್ಲಿ ಅಲುಗಿಸಿ ಚೆಲ್ಲಬೇಕು. ಹೆಚ್ಚು ತೊಳೆದರೆ ಲೇಪವೇ ಹೋಗುತ್ತದೆ, ತೊಳೆಯದಿದ್ದರೆ ಕಣ್ಣಿಗೆ ಇಳಿಯುತ್ತದೆ. ಆಮೇಲೆ ಗಾಜಿನ ಒಳಮೈಗೆ ಬೆರಳು ತಾಗಿಸಬಾರದು. ಮಾಸ್ಕನ್ನು ಹಣೆಯ ಮೇಲೇರಿಸಿಕೊಂಡು ಬಿಸಿಲಲ್ಲಿ ಕೂರಬಾರದು. ಹಣೆಯ ಬೆವರು, ಎಣ್ಣೆ ಗಾಜಿಗೆ ಸೇರುವುದಲ್ಲದೆ ಒಳಗಿನ ಗಾಳಿಯೂ ಬೆಚ್ಚಗಾಗಿ ಆವಿ ತುಂಬಿಕೊಳ್ಳುತ್ತದೆ. ತೊಳೆದ ಮಾಸ್ಕನ್ನು ತಡಮಾಡದೆ ಧರಿಸಿ ನೀರಿಗಿಳಿಯುವುದೇ ಸರಿ. ನೇತ್ರಾಣಿಯ ಹವಳಗಳ ದೃಷ್ಟಿಯಿಂದ ಶಾಂಪೂ ಹನಿಯ ಲೆಕ್ಕದಲ್ಲೇ ಇರಲಿ. ಒಂದು ಚಿಕ್ಕ ಡಬ್ಬಿ ಸಿಹಿನೀರನ್ನು ದೋಣಿಗೆ ಒಯ್ದು ಅದರಲ್ಲೇ ಅಲುಗಿಸಿದರೆ ಸಮುದ್ರಕ್ಕೆ ಸೇರುವುದು ಇನ್ನೂ ಕಡಿಮೆಯಾಗುತ್ತದೆ.

ಎಂಜಲು ಹಚ್ಚುವ ರೂಢಿಯ ಬಗ್ಗೆ ಆಕ್ಷೇಪ ಏಳುವುದು ಸಹಜ. ಎಂಜಲನ್ನು ಮೈಲಿಗೆಯೆಂದು ಕಾಣುವ ನಮ್ಮ ಸಮಾಜದಲ್ಲಿ ಅದನ್ನು ಉಗುಳಿ ಗಾಜಿಗೆ ಉಜ್ಜಿ ಮುಖಕ್ಕೆ ಹಾಕಿಕೊಳ್ಳುವುದು ಅಸಹ್ಯವೆನಿಸಬಹುದು. ಅದು ಕೆಲಸ ಮಾಡುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಎಂಜಲಿನಲ್ಲಿರುವ ಲೋಳೆಯಂಥ ಪ್ರೋಟೀನುಗಳು ಗಾಜಿಗೆ ಅಂಟಿಕೊಂಡು ನೀರನ್ನು ಹರಡಲು ನೆರವಾಗುತ್ತವೆ. ಕೈಯಲ್ಲಿ ಬೇರೇನೂ ಇಲ್ಲದಾಗ, ಮಾಸ್ಕ್ ತನ್ನದೇ ಆಗಿದ್ದಾಗ, ತನ್ನ ಎಂಜಲಿನಿಂದ ತನಗೇನೂ ತೊಂದರೆಯಿಲ್ಲ. ಆದರೆ ನೇತ್ರಾಣಿಗೆ ಹೋಗುವ ಹೆಚ್ಚಿನ ಹೊಸಬರು ಬಳಸುವುದು ಬಾಡಿಗೆಯ ಮಾಸ್ಕ್. ಅದು ಬೆಳಗ್ಗೆ ಒಬ್ಬರ ಮುಖದಲ್ಲಿ, ಮಧ್ಯಾಹ್ನ ಇನ್ನೊಬ್ಬರ ಮುಖದಲ್ಲಿ ಇರುತ್ತದೆ. ಎಲ್ಲ ಮಾಸ್ಕುಗಳನ್ನು ಒಂದೇ ಬಕೆಟ್ಟಿನಲ್ಲಿ ಅದ್ದುವ ರೂಢಿ ಇದ್ದರೆ ಒಬ್ಬರ ಬಾಯಿಯ ಸೋಂಕು ಇನ್ನೊಬ್ಬರ ಕಣ್ಣು, ಮೂಗಿಗೆ ಹೋಗಲು ದಾರಿಯಾಗುತ್ತದೆ. ಕೋವಿಡ್ ಕಾಲದಲ್ಲಿ ಈ ಎಚ್ಚರಿಕೆ ಎಲ್ಲರಿಗೂ ಅರ್ಥವಾಗಿತ್ತು, ಈಗ ಮರೆಯಲು ಕಾರಣವಿಲ್ಲ. ಇಲ್ಲಿ ಆಕ್ಷೇಪ ಎತ್ತುವವರ ಪರವಾಗಿ ನಾನೂ ನಿಲ್ಲುತ್ತೇನೆ. ಎಂಜಲಿನ ಗುಣವನ್ನೇ ಶಾಂಪೂ ಇನ್ನೂ ಚೆನ್ನಾಗಿ ಕೊಡುವಾಗ, ಚಿಕ್ಕದೊಂದು ಬಾಟಲಿ ಜೊತೆಗೊಯ್ಯುವುದು ವಿವೇಕ.

ಇನ್ನೊಂದು ಆಕ್ಷೇಪ ಉಸಿರಾಟದ ಕುರಿತದ್ದು. ಮೂಗಿನಿಂದ ಉಸಿರು ಬಿಡುವುದರಿಂದಲೇ ಮಾಸ್ಕಿಗೆ ಆವಿ ಸೇರುತ್ತದೆ, ಬಾಯಿಯಿಂದಷ್ಟೇ ಉಸಿರಾಡಿದರೆ ಈ ಉಜ್ಜಾಟ, ಲೇಪನದ ಗೊಡವೆಯೇಕೆ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಸಬರು ತಿಳಿಯದೆ ಮೂಗಿನಿಂದ ಉಸಿರು ಬಿಡುತ್ತಾರೆ, ಅದನ್ನು ಕಡಿಮೆ ಮಾಡಿದರೆ ಮಬ್ಬೂ ಕಡಿಮೆಯಾಗುತ್ತದೆ. ಆದರೆ ಪೂರ್ತಿ ನಿಲ್ಲಿಸಲು ಭೌತಶಾಸ್ತ್ರ ಬಿಡುವುದಿಲ್ಲ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ ಮಾಸ್ಕಿನೊಳಗಿದ್ದ ಗಾಳಿ 10 ಮೀಟರ್ ಆಳದಲ್ಲಿ ಅರ್ಧಕ್ಕೆ ಕುಗ್ಗುತ್ತದೆ, ಕುಗ್ಗಿದಷ್ಟೂ ಮಾಸ್ಕ್ ಮುಖವನ್ನು ಹೀರಿಕೊಳ್ಳುತ್ತದೆ. ಆ ಒತ್ತಡ ಸರಿಪಡಿಸದಿದ್ದರೆ ಕಣ್ಣಿನ ಬಿಳಿಭಾಗದಲ್ಲಿ, ಸುತ್ತಲಿನ ಚರ್ಮದಲ್ಲಿ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಸರಿಪಡಿಸಲು ಇರುವ ದಾರಿ ಮೂಗಿನಿಂದ ಸ್ವಲ್ಪ ಗಾಳಿ ಬಿಡುವುದೊಂದೇ. ಸ್ಕೂಬಾ ಮಾಸ್ಕಿನಲ್ಲಿ ಮೂಗನ್ನೂ ಒಳಗೆ ಸೇರಿಸಿರುವುದು, ಈಜುಕೊಳದ ಕನ್ನಡಕ ಆಳಕ್ಕೆ ಹೊಂದದಿರುವುದು ಇದಕ್ಕೇ. ಮೊದಲ ಬಾರಿ ಇಳಿಯುವವರನ್ನು 12 ಮೀಟರಿಗಿಂತ ಆಳಕ್ಕೆ ಒಯ್ಯಬಾರದೆಂಬ ನಿಯಮವಿದ್ದರೂ, ಅಷ್ಟರಲ್ಲೇ ಗಾಳಿ ಅರ್ಧಕ್ಕಿಂತ ಹೆಚ್ಚು ಕುಗ್ಗಿರುತ್ತದೆ. ಬೆಚ್ಚಗಿನ, ತೇವದ ಉಸಿರು ಮಾಸ್ಕಿಗೆ ಹೋಗಲೇಬೇಕು ಎಂದಾದ ಮೇಲೆ ಗಾಜಿನ ಸಿದ್ಧತೆಗೆ ಪರ್ಯಾಯವಿಲ್ಲ.

ನೀರನ್ನು ಹರಡುವುದಕ್ಕಿಂತ ಓಡಿಸುವುದು ಸುಲಭವಲ್ಲವೇ, ಕಾರಿನ ಮುಂಗಾಜಿಗೆ ಹಚ್ಚುವ ನೀರು ನಿಲ್ಲದ ಲೇಪ ಇಲ್ಲಿಗೂ ಸಲ್ಲದೇ ಎಂಬ ಪ್ರಶ್ನೆಯೂ ಬರುತ್ತದೆ. ಮಳೆಯ ಹನಿ ದೊಡ್ಡದು, ಭಾರವಾದದ್ದು. ಜಿಡ್ಡಿನ ಗಾಜಿನ ಮೇಲೆ ಗಾಳಿಯ ಹೊಡೆತಕ್ಕೆ ಜಾರಿ ಹೋಗುತ್ತದೆ. ಉಸಿರಿನ ಹಬೆಯಿಂದ ಹುಟ್ಟುವ ಹನಿ ಅದಕ್ಕಿಂತ ನೂರಾರು ಪಟ್ಟು ಚಿಕ್ಕದು. ಅದರ ತೂಕ ಜಾರಲು ಸಾಲದು, ಮಾಸ್ಕಿನೊಳಗೆ ಬೀಸುವ ಗಾಳಿಯೂ ಇಲ್ಲ. ಕೂತಲ್ಲೇ ಕೂತು ಬೆಳಕನ್ನು ಚದುರಿಸುತ್ತದೆ. ಆದ್ದರಿಂದ ಹೊರಗಿನ ಮಳೆಗೆ ಒಪ್ಪುವ ಲೇಪ ಒಳಗಿನ ಹಬೆಗೆ ಹಚ್ಚಿದರೆ ಪರಿಣಾಮ ತಿರುಗುಮುರುಗಾಗುತ್ತದೆ. ಈ ವ್ಯತ್ಯಾಸ ತಿಳಿಯದೆ ಹೊಳಪಿನ ಎಣ್ಣೆ, ಮೇಣಗಳನ್ನು ಮಾಸ್ಕಿಗೆ ಸವರುವವರು ತಮ್ಮ ಕೈಯಾರೆ ಮಬ್ಬನ್ನು ಹೆಚ್ಚಿಸಿಕೊಳ್ಳುತ್ತಾರೆ.

ದುಬಾರಿ ಉಪಕರಣ ಕೊಂಡರೆ ಈ ತೊಂದರೆಯೇ ಇರುವುದಿಲ್ಲ ಎಂಬ ನಂಬಿಕೆಗೆ ಬಾಹ್ಯಾಕಾಶದಿಂದಲೇ ಉತ್ತರ ಸಿಗುತ್ತದೆ. 1966ರ ಜೂನ್ 5ರಂದು ಜೆಮಿನಿ-9ಎ ನೌಕೆಯಿಂದ ಹೊರಬಂದ ಅಮೆರಿಕದ ಗಗನಯಾತ್ರಿ ಯೂಜೀನ್ ಸರ್ನನ್ ಅವರ ಹೆಲ್ಮೆಟ್ಟಿನ ಮುಖಗಾಜು ಕಠಿಣ ಶ್ರಮದ ಬೆವರು, ಉಸಿರಿನಿಂದ ಪೂರ್ತಿ ಮಬ್ಬಾಯಿತು. ಬೆನ್ನಿಗೆ ಕಟ್ಟಿಕೊಂಡು ಹಾರಬೇಕಿದ್ದ ಯಂತ್ರದ ಪರೀಕ್ಷೆಯನ್ನೇ ಕೈಬಿಟ್ಟು ಅವರು ಹೆಚ್ಚುಕಡಿಮೆ ಕುರುಡಾಗಿ ನೌಕೆಗೆ ಮರಳಬೇಕಾಯಿತು. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯ ಮುಂದಿನ ಯಾನಗಳಲ್ಲಿ ಕೈಗೊಂಡ ಕ್ರಮಗಳಲ್ಲೊಂದು ಮುಖಗಾಜಿನ ಒಳಮೈಗೆ ಹಬೆ ಕಟ್ಟದ ದ್ರಾವಣ ಸವರುವುದು. ಆ ದ್ರಾವಣವೂ ಅಜಾಗರೂಕತೆಯನ್ನು ಕ್ಷಮಿಸುವುದಿಲ್ಲ. 2001ರ ಏಪ್ರಿಲ್‌ನಲ್ಲಿ ಕೆನಡಾದ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ ಬಾಹ್ಯಾಕಾಶ ನಿಲ್ದಾಣದ ಹೊರಗೆ ಕೆಲಸ ಮಾಡುತ್ತಿದ್ದಾಗ ಅದರ ಅಂಶ ಕಣ್ಣಿಗೆ ಸೇರಿ ಸ್ವಲ್ಪ ಹೊತ್ತು ಏನೂ ಕಾಣದಂತಾಯಿತು. ಲೇಪ ಬೇಕು, ಹೆಚ್ಚುವರಿ ಉಳಿಯಬಾರದು ಎಂಬ ಪಾಠ ನಮ್ಮ ಶಾಂಪೂವಿಗೂ ಅಷ್ಟೇ ಸಲ್ಲುತ್ತದೆ. ಶಾಶ್ವತ ಲೇಪಗಳ ಹುಡುಕಾಟವೂ ಇದೇ ದಾರಿಯಲ್ಲಿದೆ. ಜಪಾನಿನ ಅಕಿರಾ ಫುಜಿಶಿಮಾ ಮತ್ತು ಸಂಗಡಿಗರು 1997ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಮೇಲ್ಮೈಗೆ ನೇರಳಾತೀತ ಕಿರಣ ಬಿದ್ದಾಗ ನೀರು ಅದರ ಮೇಲೆ ಪೂರ್ತಿ ಹರಡುವುದನ್ನು ವರದಿ ಮಾಡಿದರು. ಹಬೆ ಕಟ್ಟದ ವಾಹನ ಕನ್ನಡಿಗಳಿಗೆ ಆ ತಿಳಿವಳಿಕೆ ನೆರವಾಯಿತು. ಬೆಲೆ ಎಷ್ಟೇ ಇರಲಿ, ಯಾವ ತಂತ್ರಜ್ಞಾನವೂ ನೀರನ್ನು ಇಲ್ಲವಾಗಿಸಿಲ್ಲ, ಹರಡಿದೆ ಅಷ್ಟೇ.

ಇಷ್ಟೆಲ್ಲ ಮಾಡಿದರೂ ನೀರಿನಡಿಯಲ್ಲಿ ಮಬ್ಬು ಕವಿದರೆ? ಅದಕ್ಕೂ ಉತ್ತರ ಇದೇ ತತ್ವದಲ್ಲಿದೆ. ಮಾಸ್ಕಿನ ಅಂಚನ್ನು ತುಸು ಎತ್ತಿ ಸ್ವಲ್ಪ ನೀರನ್ನು ಒಳಗೆ ಬಿಟ್ಟುಕೊಂಡು, ತಲೆ ಬಗ್ಗಿಸಿ ಅದು ಗಾಜಿನ ಮೇಲೆ ಹರಿದಾಡುವಂತೆ ಮಾಡಿದರೆ ಹನಿಗಳೆಲ್ಲ ಆ ನೀರಿನಲ್ಲಿ ಸೇರಿ ಹೋಗುತ್ತವೆ. ಆಮೇಲೆ ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮುಖ ಮೇಲಕ್ಕೆತ್ತಿ, ಮೂಗಿನಿಂದ ಉಸಿರು ಬಿಟ್ಟರೆ ಗಾಳಿ ನೀರನ್ನು ಕೆಳಗಿನಿಂದ ಹೊರಗೆ ತಳ್ಳುತ್ತದೆ. ಸ್ಕೂಬಾ ತರಬೇತಿಯ ಮೊದಲ ಪಾಠಗಳಲ್ಲಿ ಇದೂ ಒಂದು. ಆದರೆ ಅರ್ಧ ಗಂಟೆಯ ಅನುಭವಕ್ಕೆಂದು ಬರುವ ಹೊಸಬರಿಗೆ ಮುಖಕ್ಕೆ ನೀರು ಬಿಟ್ಟುಕೊಳ್ಳುವುದೇ ದೊಡ್ಡ ಭಯ. ಅದನ್ನು ಕಡಲ ನಡುವೆ ಮೊದಲ ಬಾರಿ ಕಲಿಯುವ ಬದಲು ಸೊಂಟದಷ್ಟು ನೀರಿನಲ್ಲಿ, ಈಜುಕೊಳದಲ್ಲಿ ಅಭ್ಯಾಸ ಮಾಡಿಸುವ ತರಬೇತುದಾರರನ್ನೇ ಆರಿಸಿಕೊಳ್ಳಬೇಕು. ಹಾಗೆ ಕೇಳುವುದು ಗ್ರಾಹಕನ ಹಕ್ಕು, ಹೇಳಿಕೊಡುವುದು ತರಬೇತುದಾರನ ಹೊಣೆ.

ಈ ತಿಳಿವಳಿಕೆಯ ಉಪಯೋಗ ಪ್ರವಾಸಿಗಳಿಗಷ್ಟೇ ಸೀಮಿತವಲ್ಲ. ನಮ್ಮದು ಆಲಮಟ್ಟಿ ಜಲಾಶಯದ ಜಿಲ್ಲೆ. ಏತ ನೀರಾವರಿಯ ಕಾಲುವೆಗಳು, ತುಂಬಿಸಿದ ಕೆರೆಗಳು, ದ್ರಾಕ್ಷಿ ತೋಟಗಳ ಪಕ್ಕದ ಕೃಷಿ ಹೊಂಡಗಳು ಬರದ ನಾಡಿಗೆ ನೀರು ತಂದಿವೆ, ಅವುಗಳ ಜೊತೆ ಜನ ನೀರಿನಲ್ಲಿ ಮುಳುಗುವ ಅಪಾಯವೂ ಬಂದಿದೆ. ರಾಡಿ ನೀರಿನಲ್ಲಿ ಹುಡುಕಾಟಕ್ಕೆ ಇಳಿಯುವವರಿಗೆ ಕಾಣುವುದೇ ಒಂದೆರಡು ಅಡಿ, ಆ ಅಲ್ಪ ನೋಟವನ್ನೂ ಗಾಜಿನ ಮಬ್ಬು ಕಸಿದುಕೊಳ್ಳಬಾರದು. ಅವರ ಮಾಸ್ಕುಗಳನ್ನು ಕರೆ ಬಂದ ಮೇಲೆ ಉಜ್ಜುವುದಲ್ಲ, ಮೊದಲೇ ಜಿಡ್ಡು ತೆಗೆದು ಸಿದ್ಧವಾಗಿಟ್ಟಿರಬೇಕು. ಇನ್ನು ಶಾಲೆಗಳ ಮಾತು. ತಿಕೋಟಾ, ಬಬಲೇಶ್ವರದ ಪ್ರೌಢಶಾಲೆಗಳಲ್ಲಿ ಮೇಲ್ಮೈ ಎಳೆತದ ಪಾಠ ಬಂದಾಗ ಶಿಕ್ಷಕರು ದೂರದ ಉದಾಹರಣೆ ಹುಡುಕಬೇಕಿಲ್ಲ. ಒಂದು ಗಾಜಿನ ತುಂಡಿನ ಅರ್ಧಕ್ಕೆ ಶಾಂಪೂ ಸವರಿ, ಇನ್ನರ್ಧಕ್ಕೆ ಎಣ್ಣೆಯ ಬೆರಳು ಒತ್ತಿ, ಉಸಿರು ಬಿಟ್ಟು ತೋರಿಸಿದರೆ ಸಾಕು. ಅದರ ಪಕ್ಕದಲ್ಲೇ ಒಂದು ದ್ರಾಕ್ಷಿಗೆ ಬರೀ ನೀರು, ಇನ್ನೊಂದಕ್ಕೆ ಸೋಪಿನ ನೀರು ಚಿಮುಕಿಸಬಹುದು. ಮಕ್ಕಳ ಅಪ್ಪ, ಕಾಕಾ ತೋಟದಲ್ಲಿ ದಿನವೂ ಮಾಡುವ ಕೆಲಸಕ್ಕೂ ಪಠ್ಯಪುಸ್ತಕಕ್ಕೂ ಅಲ್ಲೇ ಸಂಬಂಧ ಕೂಡುತ್ತದೆ. ಹಾಗೆ ಕಲಿತ ಹುಡುಗಿ ಮುಂದೊಂದು ದಿನ ನೇತ್ರಾಣಿಯ ದೋಣಿ ಹತ್ತಿದಾಗ ಯಾರ ಉಪಾಯವನ್ನೂ ಕುರುಡಾಗಿ ನಂಬಬೇಕಾಗಿಲ್ಲ. ಗಾಜಿನ ಮೇಲೆ ನೀರು ಹರಿಸಿ, ಅದು ಒಡೆಯುತ್ತದೋ ಹಾಸಿಕೊಳ್ಳುತ್ತದೋ ಎಂದು ತಾನೇ ನೋಡಿ, ಸಿದ್ಧವೇ ಅಲ್ಲವೇ ಎಂಬುದನ್ನು ತಾನೇ ನಿರ್ಧರಿಸಬಲ್ಲಳು.